ಕೈಯಾರೆ ಕಟ್ಟಿದ ಕ್ಯಾಂಪರ್ ವ್ಯಾನ್ ಮಾರುವ ಐದು ದಾರಿಗಳು: ನನ್ನ ಮತ ನೇರ ಮಾರಾಟಕ್ಕೆ

ಮೊದಲೇ ಹೇಳಿಬಿಡುತ್ತೇನೆ: ಕೈಯಾರೆ ಕಟ್ಟಿದ ಕ್ಯಾಂಪರ್ ವ್ಯಾನನ್ನು, ಅಂದರೆ ಒಳಗೆ ಮಲಗಲು, ಉಣ್ಣಲು ಅನುಕೂಲ ಮಾಡಿದ ಪ್ರವಾಸದ ಗಾಡಿಯನ್ನು, ಕಟ್ಟಿದವನೇ ಎದುರು ನಿಂತು ಮಾರಬೇಕು. ವ್ಯಾಪಾರಿಯ ಬಳಿ ಬೆಲೆ ಕೇಳಿ, ಕಮಿಷನ್ ಅಂಗಡಿಯಲ್ಲಿ ಬಿಟ್ಟು, ಹರಾಜಿಗೂ ಇಟ್ಟು ನೋಡಿದ ಮೇಲೆ ಬಂದ ಅಭಿಪ್ರಾಯ ಇದು. ಅದಕ್ಕೂ ಹಿಂದಿನ ಚಿಕ್ಕ ವ್ಯಾನನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಿದ್ದೆ, ಆ ಅನುಭವವೂ ಇದರಲ್ಲಿ ಸೇರಿದೆ. ದೊಡ್ಡ ವ್ಯಾನ್ ಕೊನೆಗೆ ಹೋದದ್ದು ನಾನೇ ಬರೆದ ಜಾಹೀರಾತಿನಿಂದ, ಮನಸ್ಸಿನಲ್ಲಿದ್ದ ಬೆಲೆಗೆ ತೀರಾ ಹತ್ತಿರದ ಮೊತ್ತಕ್ಕೆ. ಹಾಗಾಗಿ ಇಲ್ಲಿ ನಿಷ್ಪಕ್ಷಪಾತವನ್ನು ಹುಡುಕಬೇಡಿ.

ಕಾರ್ಖಾನೆಯಲ್ಲಿ ತಯಾರಾದ ಕ್ಯಾಂಪರ್‌ಗೆ ಮಾದರಿಯ ಹೆಸರಿರುತ್ತದೆ, ಕೈಪಿಡಿ ಇರುತ್ತದೆ, ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಒಂದು ದರವೂ ಇರುತ್ತದೆ. ನಾವು ಕಟ್ಟಿದ್ದಕ್ಕೆ ಇದಾವುದೂ ಇಲ್ಲ. ಗೋಡೆಯ ಹಲಗೆಯ ಹಿಂದೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಮಂಚದ ಕೆಳಗಿನ ಫ್ಯೂಸ್ ಬ್ಯಾಟರಿಗೆ ಅಷ್ಟು ಹತ್ತಿರ ಏಕೆ ಕೂತಿದೆ, ನೀರಿನ ಟ್ಯಾಂಕನ್ನು ಬಲಚಕ್ರದ ಮೇಲೆ ಏಕೆ ಇಟ್ಟೆವು, ಇವೆಲ್ಲ ಕಟ್ಟಿದವನ ತಲೆಯಲ್ಲಿರುವ ಸಂಗತಿಗಳು. ಆ ತಲೆಯನ್ನು ಮನೆಯಲ್ಲಿಟ್ಟು ವ್ಯಾನನ್ನಷ್ಟೇ ಮಾರಾಟಕ್ಕೆ ಕಳುಹಿಸಿದರೆ, ನೋಡುವವರಿಗೆ ಕಾಣುವುದು ಒಳಗೆ ಒಂದಷ್ಟು ಪ್ಲೈವುಡ್ ಹೊಡೆದ ಹಳೆಯ ಸರಕು ಗಾಡಿ.

ವ್ಯಾಪಾರಿಗೆ ಕಂಡದ್ದೂ ಅದೇ. ಹಳೆಯ ವಾಹನಗಳನ್ನು ಕೊಂಡು ಮಾರುವ ಆತ ಓಡಿದ ಕಿಲೋಮೀಟರ್ ನೋಡಿದ, ಟೈರ್ ನೋಡಿದ, ಬಾಗಿಲುಗಳ ಕೆಳಅಂಚಿನ ತುಕ್ಕನ್ನು ಬೆರಳಿನಿಂದ ಕೆರೆದು ನೋಡಿದ. ಒಳಗೆ ಹತ್ತಲೇ ಇಲ್ಲ. ಛಾವಣಿಯ ಮೇಲೆ ಗಾಳಿಯ ಫ್ಯಾನ್ ಕೂರಿಸಲು ನಾನು 400 ಮಿಲಿಮೀಟರ್ ಚೌಕ ಕೊರೆದಿದ್ದೆ. ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿದು, ಸೀಲೆಂಟ್ ಹಾಕಿ, ಒಂದು ಮಳೆಗಾಲಕ್ಕೂ ಹನಿ ಸೋರದಂತೆ ಕೂರಿಸಿದ್ದೆ. ಅವನ ಲೆಕ್ಕದಲ್ಲಿ ಅದು ತೂತು. ಬದಿಯ ಕಿಟಕಿಗಳು ಇನ್ನೆರಡು ತೂತು. ಕೊನೆಗೆ ಹೇಳಿದ ಬೆಲೆ, ಅದೇ ವಯಸ್ಸಿನ ಖಾಲಿ ವ್ಯಾನ್‌ಗೆ ಸಿಗುವುದಕ್ಕಿಂತಲೂ ಕಡಿಮೆ.

ಅವನ ಮೇಲೆ ಸಿಟ್ಟಿಲ್ಲ. ಆತ ಅದನ್ನು ಮತ್ತೊಬ್ಬರಿಗೆ ಮಾರುವಾಗ ಒಂದಲ್ಲ ಒಂದು ಬಗೆಯ ಖಾತರಿ ಕೊಡಬೇಕು, ಅಪರಿಚಿತ ಮನುಷ್ಯ ಬಿಡುವಿನಲ್ಲಿ ಎಳೆದ ವೈರಿಂಗ್‌ಗೆ ಯಾರು ಖಾತರಿ ಕೊಡುತ್ತಾರೆ? ಹಣ ಅದೇ ದಿನ ಕೈಗೆ ಬರುತ್ತದೆ ಎಂಬುದೊಂದೇ ಈ ದಾರಿಯ ಗುಣ.

ಮುಂದಿನದು ಕಮಿಷನ್ ಮಾರಾಟ. ಕಾಗದದ ಮೇಲೆ ನನಗೆ ಅತ್ಯಂತ ಇಷ್ಟವಾದ ದಾರಿ ಇದೇ ಆಗಿತ್ತು: ವ್ಯಾನ್ ಅವರ ಅಂಗಳದಲ್ಲಿ ನಿಲ್ಲುತ್ತದೆ, ಫೋನ್ ಕರೆಗಳನ್ನು ಅವರೇ ನೋಡಿಕೊಳ್ಳುತ್ತಾರೆ, ಮಾರಾಟವಾದ ಮೇಲೆ ಒಂದು ಪಾಲು ಹಿಡಿದುಕೊಂಡು ಉಳಿದದ್ದನ್ನು ನಮಗೆ ಕೊಡುತ್ತಾರೆ. ಒಪ್ಪಂದದ ಅವಧಿ ಮುಗಿಯುವವರೆಗೆ ಬೇರೆಡೆ ಮಾರುವಂತಿಲ್ಲ ಎಂಬ ಷರತ್ತನ್ನೂ ಒಪ್ಪಿಕೊಂಡೆ. ಅಂಗಡಿಯ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದು ಕ್ಯಾಂಪರ್‌ನ ಒಳಗುಟ್ಟು ತಿಳಿಯದ ಯಾವ ಅಂಗಡಿಯಲ್ಲಾದರೂ ನಡೆಯಬಹುದು.

ವ್ಯಾನ್ ಒಪ್ಪಿಸುವಾಗ ಸಿಂಕ್‌ನ ಮೇಲೆ ಒಂದು ಹಾಳೆ ಅಂಟಿಸಿದ್ದೆ. ಯಾವ ಸ್ವಿಚ್ ಯಾವುದಕ್ಕೆ, ಗಿರಾಕಿಗೆ ತೋರಿಸಿದ ಮೇಲೆ ಇನ್ವರ್ಟರ್ ಆರಿಸಬೇಕು, ವ್ಯಾನ್ ಬಿಸಿಲಿನಲ್ಲಿ ನಿಲ್ಲಲಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೆ. ನೋಡಲು ಚೆನ್ನಾಗಿಲ್ಲವೆಂದು ಅದನ್ನು ಕಿತ್ತು ಹಾಕಿದರು. ವ್ಯಾನನ್ನು ಧೂಳು ಬೀಳದಂತೆ ತಗಡಿನ ಛಾವಣಿಯ ಕೆಳಗೆ ನಿಲ್ಲಿಸಿದರು. ಅವರ ಕಣ್ಣಿನಲ್ಲಿ ಅದು ಉಪಚಾರ. ಸೋಲಾರ್ ಪ್ಯಾನೆಲ್‌ಗಳ ಮಟ್ಟಿಗೆ ಅದು ಕಗ್ಗತ್ತಲು. ಯಾರೋ ಗಿರಾಕಿಗೆ ಪ್ಲಗ್ ಕೆಲಸ ಮಾಡುವುದನ್ನು ತೋರಿಸಲು ಇನ್ವರ್ಟರ್ ಹಾಕಿದವರು ಆರಿಸಲಿಲ್ಲ.

ಇನ್ವರ್ಟರ್‌ಗೆ ಏನೂ ಜೋಡಿಸದಿದ್ದರೂ ಅದು ತನ್ನ ಪಾಡಿಗೆ ವಿದ್ಯುತ್ ತಿನ್ನುತ್ತಿರುತ್ತದೆ. ನನ್ನದು ಸುಮಾರು 15 ವ್ಯಾಟ್. 12 ವೋಲ್ಟ್‌ನಲ್ಲಿ ಅದು ಒಂದೂಕಾಲು ಆಂಪಿಯರ್. ಒಂದು ಹಗಲು ರಾತ್ರಿಗೆ 30 ಆಂಪಿಯರ್-ಅವರ್. 200 ಆಂಪಿಯರ್-ಅವರ್‌ನ ಬ್ಯಾಟರಿ ಭರ್ತಿ ತುಂಬಿದ್ದರೂ ವಾರ ತುಂಬುವುದರೊಳಗೆ ಬರಿದು. ಅದರ ಜೊತೆಗೆ ಗ್ಯಾಸ್ ಸೋರಿಕೆಯ ಅಲಾರಂ, ಟ್ಯಾಂಕ್ ಮಟ್ಟ ತೋರಿಸುವ ಪರದೆ ಮುಂತಾದ ಚಿಲ್ಲರೆ ಖರ್ಚು ಬೇರೆ.

ನನ್ನದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ: 3.2 ವೋಲ್ಟ್‌ನ ನಾಲ್ಕು ಕೋಶಗಳ ಸರಣಿ, ಒಟ್ಟು 12.8 ವೋಲ್ಟ್. ಕೋಶದ ವೋಲ್ಟೇಜ್ 2.5ರ ಆಸುಪಾಸಿಗೆ ಇಳಿದರೆ ಒಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ಬ್ಯಾಟರಿಯನ್ನು ಹೊರಗಿನ ಸಂಪರ್ಕದಿಂದ ಕಡಿದುಬಿಡುತ್ತದೆ. ಕೋಶಗಳು ಹಾಳಾಗದಿರಲಿ ಎಂದೇ ಈ ಏರ್ಪಾಡು. ಆದರೆ ಆ ಸ್ಥಿತಿಯಲ್ಲಿ ಮಲ್ಟಿಮೀಟರ್ ಹಿಡಿದರೆ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಎದುರಿಗೆ ವೋಲ್ಟೇಜ್ ಕಾಣದಿದ್ದರೆ ಚಾರ್ಜ್ ಮಾಡಲು ಒಪ್ಪದ ಚಾರ್ಜರ್‌ಗಳು ಬಹಳ ಇವೆ. ಅಂಗಡಿಯ ಮೆಕ್ಯಾನಿಕ್ ಸೀಸದ ಬ್ಯಾಟರಿಗಳ ಜೊತೆ ಬದುಕು ಕಳೆದವನು. ಮೀಟರ್ ಸೊನ್ನೆ, ಚಾರ್ಜರ್ ಕೆಂಪು ದೀಪ, ಎಂದಮೇಲೆ ಬ್ಯಾಟರಿ ಸತ್ತಿದೆ ಎಂದು ತೀರ್ಮಾನಿಸಿಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆ. ಆ ಹೊತ್ತಿಗೆ ಬಂದ ದಂಪತಿ ನಲ್ಲಿ ತಿರುಗಿಸಿದ್ದಾರೆ, ನೀರಿಲ್ಲ. ದೀಪ ಒತ್ತಿದ್ದಾರೆ, ಬೆಳಕಿಲ್ಲ. ಫ್ರಿಡ್ಜ್ ತೆರೆದಿದ್ದಾರೆ, ಒಳಗೆ ಮುಗ್ಗಲು ವಾಸನೆ. ಮಾರಾಟದ ಹುಡುಗ ನನ್ನನ್ನು ಒಂದು ಮಾತೂ ಕೇಳದೆ, ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಕೊಡುತ್ತೇವೆ ಎಂದು ನನ್ನ ಪರವಾಗಿ ಔದಾರ್ಯ ತೋರಿದ್ದಾನೆ. ವ್ಯಾನ್‌ನಲ್ಲಿದ್ದ ಅತ್ಯಂತ ದುಬಾರಿ ವಸ್ತುವೇ ಅದು! ದಂಪತಿ ರಿಯಾಯಿತಿಯನ್ನೂ ಒಲ್ಲದೆ ಹೊರಟುಹೋದರು. ಬ್ಯಾಟರಿಯೇ ಹೀಗಿದ್ದರೆ ಗ್ಯಾಸ್ ಕೊಳವೆ ಹೇಗಿದ್ದೀತು ಎಂದು ಅವರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಸುದ್ದಿ ತಿಳಿದು ನಾನು ಲಿಥಿಯಂ ಬ್ಯಾಟರಿಯನ್ನು ಎಚ್ಚರಿಸುವ ಸೌಲಭ್ಯವಿರುವ ಚಾರ್ಜರ್ ಹಿಡಿದು ಹೋದೆ. ಕೆಲವೇ ನಿಮಿಷಗಳಲ್ಲಿ ಬಿಎಂಎಸ್ ಕಣ್ಣು ಬಿಟ್ಟಿತು, ಪಂಪ್ ಗುರುಗುಟ್ಟಿತು. ಮೆಕ್ಯಾನಿಕ್‌ಗೆ ಆಶ್ಚರ್ಯ, ಮಾಲೀಕನಿಗೆ ಮುಜುಗರ, ಹೋದ ಗಿರಾಕಿ ಮಾತ್ರ ಹೋದದ್ದೇ. ಅವಧಿ ಮುಗಿದ ದಿನವೇ ಕೀಲಿ ವಾಪಸ್ ಪಡೆದೆ. ನಿಲುಗಡೆಯ ಬಾಡಿಗೆಯನ್ನು ಬೇರೆ ಕಟ್ಟಬೇಕಾಯಿತು. ಒಪ್ಪಂದದ ಕೊನೆಯ ಪುಟದಲ್ಲಿ ಅದೂ ಇತ್ತು.

ಕ್ಯಾಂಪರ್‌ಗಳನ್ನೇ ಮಾರುವ ಕಮಿಷನ್ ಅಂಗಡಿಗಳಲ್ಲಿ ಪರಿಸ್ಥಿತಿ ಉತ್ತಮವಾಗಿರಬಹುದು. ಆದರೆ ಅಂಥವರಲ್ಲಿ ಕೈಯಾರೆ ಕಟ್ಟಿದ ವ್ಯಾನ್ ಎಂದ ಕೂಡಲೇ ವಿದ್ಯುತ್ ಮತ್ತು ಗ್ಯಾಸ್ ಕೆಲಸಕ್ಕೆ ಪರವಾನಗಿ ಪಡೆದವರ ಪ್ರಮಾಣಪತ್ರ ಕೇಳುವವರೇ ಹೆಚ್ಚು. ಅದು ಇದ್ದವರು ಹೋಗಿ ನೋಡಬಹುದು.

ಆನ್‌ಲೈನ್ ಹರಾಜಿನ ಬಗ್ಗೆ ಹೇಳುವುದು ಸ್ವಲ್ಪವೇ. ಕನಿಷ್ಠ ಬೆಲೆಯನ್ನು ಗುಟ್ಟಾಗಿ ನಿಗದಿ ಮಾಡಿದ್ದೆ, ಕೂಗು ಅಲ್ಲಿಯವರೆಗೆ ಏರಲಿಲ್ಲ. ಹಳೆಯ, ಅಪರೂಪದ ವಾಹನದ ಮೇಲೆ ಕಟ್ಟಿದ್ದರೆ ಸಂಗ್ರಾಹಕರು ಪೈಪೋಟಿಗೆ ಬೀಳುತ್ತಾರೆ. ನನ್ನದರಂಥ ಸಾಧಾರಣ ಬಿಳಿ ವ್ಯಾನ್‌ಗೆ, ಕಣ್ಣಾರೆ ಕಾಣದೆ, ಬಾಗಿಲು ಎಳೆದು ನೋಡದೆ ಯಾರೂ ದೊಡ್ಡ ಮೊತ್ತ ಕೂಗುವುದಿಲ್ಲ.

ಬಿಚ್ಚಿ ಮಾರುವುದು ಲೆಕ್ಕದಲ್ಲಿ ಚೆನ್ನ. ಬ್ಯಾಟರಿ, 12 ವೋಲ್ಟ್‌ನ ಕಂಪ್ರೆಸರ್ ಫ್ರಿಡ್ಜ್, ಡೀಸೆಲ್ ಹೀಟರ್, ಇನ್ವರ್ಟರ್ ಇವಕ್ಕೆ ತಕ್ಷಣ ಗಿರಾಕಿಗಳು ಸಿಗುತ್ತಾರೆ, ಬೆಲೆಯೂ ಸುಮಾರಾಗಿ ಬರುತ್ತದೆ. ಮೇಲೆ ಅಂಟಿಸಿದ ಸೋಲಾರ್ ಪ್ಯಾನೆಲ್ ಮಾತ್ರ ಹಟ ಹಿಡಿಯುತ್ತದೆ. ಪಾಲಿಯುರೆಥೇನ್ ಅಂಟು ಒಮ್ಮೆ ಕಚ್ಚಿದರೆ ತಂತಿಯಿಂದ ಕುಯ್ದು ಬಿಡಿಸಬೇಕು, ಗಾಡಿಯ ಬಣ್ಣವೂ ಜೊತೆಗೇ ಬರುತ್ತದೆ. ಕಪಾಟುಗಳಿಗೆ ಕಾಸೂ ಇಲ್ಲ. ವ್ಯಾನ್‌ನ ಗೋಡೆಯ ಬಾಗಿಗೆ ಸರಿಯಾಗಿ ಕತ್ತರಿಸಿದ ಮರ, ಒಬ್ಬನ ಅಳತೆಗೆ ಹೊಲಿದ ಅಂಗಿ ಇದ್ದ ಹಾಗೆ, ಬೇರೆಯವರಿಗೆ ಹಿಡಿಸುವುದಿಲ್ಲ. ಎಲ್ಲ ಬಿಚ್ಚಿದ ಮೇಲೂ ತೂತುಗಳಿರುವ ಖಾಲಿ ಗಾಡಿಯೊಂದು ಉಳಿದು, ಮತ್ತೆ ಅದೇ ವ್ಯಾಪಾರಿಯ ಬಾಗಿಲಿಗೆ ಹೋಗಬೇಕಾಗುತ್ತದೆ. ಎಂಜಿನ್ ಕೈಕೊಟ್ಟ ಅಥವಾ ಅಡಿಭಾಗ ತುಕ್ಕು ತಿಂದ ವ್ಯಾನ್‌ಗೆ ಇದೇ ಸರಿ. ನನ್ನ ಚಿಕ್ಕ ವ್ಯಾನ್ ಆ ಜಾತಿಯದಾಗಿತ್ತು.

ಇನ್ನು ನೇರ ಮಾರಾಟ. ಇದಕ್ಕೂ ಕಿರಿಕಿರಿ ಇಲ್ಲವೆಂದಲ್ಲ. ಬರುವವರಲ್ಲಿ ಒಂದು ಗುಂಪು ಕನಸುಗಾರರದು. ಮಂಚದ ಮೇಲೆ ಮಲಗಿ ನೋಡುತ್ತಾರೆ, ಕೆಲಸ ಬಿಡುವ ಯೋಜನೆ ಹೇಳುತ್ತಾರೆ, ಮತ್ತೆ ಫೋನ್ ಎತ್ತುವುದಿಲ್ಲ. ಇನ್ನೊಂದು ಗುಂಪು ತಾವೇ ವ್ಯಾನ್ ಕಟ್ಟುತ್ತಿರುವವರದು. ಕೊಳ್ಳುವ ಉದ್ದೇಶವೇ ಇಲ್ಲ, ಕೀಲುಗಳ ಫೋಟೊ ಬೇಕು, ಟೇಪು ಹಿಡಿದು ಅಳತೆ ಬೇಕು. ಇವರ ಮೇಲೆ ನನಗೆ ಬೇಸರವಿಲ್ಲ, ನಾನೂ ಬೇರೆಯವರ ವ್ಯಾನ್‌ಗಳಲ್ಲಿ ಅದನ್ನೇ ಮಾಡಿದವನು.

ಗುಂಪು ಕಡಿಮೆ ಮಾಡಲು ಕೆಲಸಕ್ಕೆ ಬಂದದ್ದು ಜಾಹೀರಾತಿನ ಮೊದಲ ಸಾಲುಗಳಲ್ಲೇ ಕೊರತೆಗಳನ್ನು ಬರೆದದ್ದು. ಮಂಚ ಅಡ್ಡಲಾಗಿದೆ, 180 ಸೆಂಟಿಮೀಟರ್‌ಗಿಂತ ಎತ್ತರದವರು ಕಾಲು ಚಾಚಲಾಗದು. ಶೌಚಾಲಯ ಸಾಗಿಸುವಂಥದ್ದು, ಪ್ರತ್ಯೇಕ ಕೋಣೆ ಇಲ್ಲ. ಹಿಂದೆ ಆಸನಗಳಿಲ್ಲ, ಇಬ್ಬರೇ ಪ್ರಯಾಣಿಸಬಹುದು. ಇಷ್ಟನ್ನು ಓದಿಯೂ ಕರೆ ಮಾಡಿದವರ ಜೊತೆ ಮಾತನಾಡುವುದು ಸುಖ.

ಕೊಂಡ ಮಹಿಳೆ ಮಂಚದ ಮೇಲೆ ಮಲಗಿಯೇ ನೋಡಲಿಲ್ಲ. ಮೊದಲು ಕೇಳಿದ್ದು ತೂಕ. ಬಹಳಷ್ಟು ದೊಡ್ಡ ವ್ಯಾನ್‌ಗಳ ಒಟ್ಟು ತೂಕದ ಮಿತಿ 3,500 ಕೆ.ಜಿ., ಯೂರೋಪಿನಲ್ಲಿ ಸಾಮಾನ್ಯ ಕಾರು ಚಾಲನಾ ಪರವಾನಗಿಯ ಮಿತಿಯೂ ಬಹುಕಾಲ ಅದೇ ಆಗಿತ್ತು. ಕಟ್ಟುವವರು ಪ್ಲೈವುಡ್ ಮೇಲೆ ಪ್ಲೈವುಡ್ ಹೊಡೆದು, 100 ಲೀಟರ್ ನೀರಿನ ಟ್ಯಾಂಕ್ ಇಟ್ಟು, ಅದು ತುಂಬಿದಾಗ 100 ಕೆ.ಜಿ. ಎಂಬುದನ್ನು ಮರೆಯುತ್ತಾರೆ. ನನ್ನ ಬಳಿ ತೂಕಸೇತುವೆಯ (ಗಾಡಿಯನ್ನೇ ತೂಗುವ ವೇಬ್ರಿಡ್ಜ್‌ನ) ಚೀಟಿ ಇತ್ತು: ನೀರು, ಇಂಧನ, ಗ್ಯಾಸ್ ತುಂಬಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ಅಚ್ಚುಗಳನ್ನು ಬೇರೆಬೇರೆಯಾಗಿ ತೂಗಿಸಿದ್ದು. ಆಕೆ ಬಗ್ಗಿ ಗ್ಯಾಸ್ ಪೆಟ್ಟಿಗೆಯ ತಳವನ್ನೂ ನೋಡಿದರು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ, ಆದ್ದರಿಂದ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಇರಲೇಬೇಕು. ಇದ್ದದ್ದನ್ನು ನೋಡಿ ಏನೂ ಮಾತಾಡದೆ ತಲೆಯಾಡಿಸಿದರು. ಇಂಥ ಗಿರಾಕಿ ಕಮಿಷನ್ ಅಂಗಡಿಗೆ ಹೋಗಿದ್ದರೆ ಅಲ್ಲಿ ಯಾರು ಉತ್ತರಿಸುತ್ತಿದ್ದರು?

ವ್ಯವಹಾರ ಕುದುರಿಸಿದ್ದು ಒಂದು ಫೈಲು. ಗೋಡೆಗಳನ್ನು ಮುಚ್ಚುವ ಮೊದಲು ತೆಗೆದ ಫೋಟೊಗಳು, ತಂತಿಗಳ ದಪ್ಪವನ್ನೂ ಫ್ಯೂಸ್‌ಗಳ ಆಂಪಿಯರನ್ನೂ ಬರೆದ ನಕ್ಷೆ, ಉಪಕರಣಗಳ ರಸೀದಿಗಳು, ಗ್ಯಾಸ್ ಪರೀಕ್ಷೆಯ ವರದಿ ಎಲ್ಲ ಅದರಲ್ಲಿ. ನೋಂದಣಿ ಪತ್ರದಲ್ಲಿ ವಾಹನದ ಬಗೆಯನ್ನು ಸರಕು ವಾಹನದಿಂದ ವಾಸಯೋಗ್ಯ ವಾಹನಕ್ಕೆ ಬದಲಾಯಿಸಿದ್ದ ದಾಖಲೆಯೂ ಇತ್ತು. ಈ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಆದರೆ ಬಗೆ ತಪ್ಪಾಗಿದ್ದರೆ ಕೊಳ್ಳುವವರಿಗೆ ವಿಮೆ ಸಿಗುವುದು ಕಷ್ಟ ಎಂಬುದು ಬಹುತೇಕ ಎಲ್ಲೆಡೆಯ ಮಾತು.

ಬೆಲೆಯನ್ನು ನಾನು ಇಟ್ಟದ್ದು ಹೀಗೆ: ಅದೇ ವಯಸ್ಸಿನ ಖಾಲಿ ವ್ಯಾನ್‌ನ ದರ, ಅದಕ್ಕೆ ಮುಖ್ಯ ಉಪಕರಣಗಳ ಹೊಸ ಬೆಲೆಯ ಅರ್ಧ. ಮರಗೆಲಸಕ್ಕೆ ಸೊನ್ನೆ, ನನ್ನ ದುಡಿಮೆಗೆ ಸೊನ್ನೆ. ಇದು ಹೊಟ್ಟೆ ಉರಿಸುವ ಲೆಕ್ಕ, ಆದರೆ ಸಂಜೆಗಳನ್ನು ವ್ಯಾನ್‌ನೊಳಗೆ ಕಳೆದದ್ದು ನನ್ನ ಸಂತೋಷಕ್ಕೆ, ಅದರ ಬಿಲ್ಲು ಇನ್ನೊಬ್ಬರಿಗೆ ಕಳುಹಿಸಲಾಗದು. ಆಕೆ ಸ್ವಲ್ಪ ಚೌಕಾಸಿ ಮಾಡಿದರು, ನಾನು ಸ್ವಲ್ಪ ಇಳಿದೆ. ಹಣ ಖಾತೆಗೆ ಬಂದದ್ದು ಬ್ಯಾಂಕಿನಿಂದ ಖಚಿತವಾದ ಮೇಲೆಯೇ ಕೀಲಿ ಕೊಟ್ಟೆ. ಇದ್ದ ಸ್ಥಿತಿಯಲ್ಲಿ ಮಾರಾಟ ಎಂದು ಬರೆದು, ಜೊತೆಗೆ ಹೋಗುವ ವಸ್ತುಗಳ ಪಟ್ಟಿ ಸೇರಿಸಿ ಇಬ್ಬರೂ ಸಹಿ ಹಾಕಿದೆವು.

ನನಗೆ ಈ ದಾರಿ ಒಗ್ಗಿದ್ದಕ್ಕೆ ಕಾರಣ ನನ್ನ ಸ್ವಭಾವವೂ ಹೌದು. ವ್ಯಾನ್ ಬಗ್ಗೆ ಮಾತನಾಡುವುದು ನನಗೆ ದಣಿವಲ್ಲ. ನಿಲ್ಲಿಸಲು ಮನೆಯ ಪಕ್ಕ ಬಿಟ್ಟಿ ಜಾಗವಿತ್ತು. ಮುಂದಿನ ಗಾಡಿಯನ್ನು ಇದನ್ನು ಮಾರಿದ ಹಣದಿಂದಲೇ ಕೊಳ್ಳಬೇಕಿದ್ದರಿಂದ, ಕಮಿಷನ್ ಪಾಲು ನನ್ನ ಪಾಲಿಗೆ ಸಣ್ಣ ಮೊತ್ತವಲ್ಲ. ಪ್ರವಾಸದ ಕಾಲ ಆರಂಭವಾಗುವವರೆಗೆ ಕಾಯಲು ಪುರುಸೊತ್ತೂ ಇತ್ತು. ಜನ ಕ್ಯಾಂಪರ್ ಹುಡುಕುವುದು ಆಗಲೇ. ನಿಲುಗಡೆಗೆ ಬಾಡಿಗೆ ಕಟ್ಟುತ್ತಿದ್ದು, ಊರು ಬಿಡುವ ದಿನ ಹತ್ತಿರವಾಗಿದ್ದು, ಅಪರಿಚಿತರು ಮನೆ ಬಾಗಿಲಿಗೆ ಬರುವುದು ಸೇರದಿದ್ದರೆ, ವ್ಯಾಪಾರಿಯ ಬೆಲೆಗೇ ಕೊಟ್ಟುಬಿಡಿ. ಆದರೆ ಕೊಡುವ ಮುನ್ನ ಬ್ಯಾಟರಿಯನ್ನೂ ಹೀಟರನ್ನೂ ಬಿಚ್ಚಿಟ್ಟುಕೊಳ್ಳಿ. ಅವನು ಅವಕ್ಕೆ ಬೆಲೆ ಕಟ್ಟುವುದಿಲ್ಲ, ಬೇರೆ ಗಿರಾಕಿಗಳು ಕಟ್ಟುತ್ತಾರೆ.