ಬಸ್ಸಿನ ಏರ್ ಡೋರ್ ವೈರಿಂಗ್ ಮಾಡಿಸುವವರು ದಯವಿಟ್ಟು ಓದಿ

ಪುಣೆಯಲ್ಲಿ ಹಳೇ ಬಸ್ ಕೊಂಡು ರಿಪೇರಿ ಮಾಡಿಸುವ ನಮ್ಮವರು ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಸಿಟ್ಟೂ ಇಳಿದಿಲ್ಲ.

ನನ್ನದು ಹಳೇ ಸ್ಕೂಲ್ ಬಸ್. ಸೀಟು ತೆಗೆಸಿ, ಮಲಗುವ ಜಾಗ, ಸಣ್ಣ ಅಡುಗೆ ಕಟ್ಟೆ ಮಾಡಿಸಿದ್ದೆ. ಆರ್‌ಸಿಯಲ್ಲೂ ಬದಲಾವಣೆ ಬರೆಸಿದ್ದೆ. ಉಳಿದಿದ್ದು ಬಾಗಿಲು ಒಂದೇ, ಗಾಳಿಯ ಒತ್ತಡದಿಂದ ತೆರೆದು ಮುಚ್ಚುವ ಏರ್ ಡೋರ್. ಬಾಗಿಲನ್ನು ದೂಡುವ ಗಾಳಿ ಸಿಲಿಂಡರ್ ಚೆನ್ನಾಗಿತ್ತು, ಸ್ವಿಚ್ ಮಾತ್ರ ಒಮ್ಮೆ ಹಿಡಿದರೆ ಒಮ್ಮೆ ಇಲ್ಲ. ವೈರಿಂಗ್ ಹೊಸದಾಗಿ ಮಾಡಿಸೋಣ ಅಂತ ಭೋಸರಿಯ ಒಂದು ಗ್ಯಾರೇಜಿಗೆ ಹೋದೆ.

ಗ್ಯಾರೇಜಿನವನು ಕನ್ನಡದವನು. "ಸರ್ ಬಿಜಾಪುರದವ್ರೇನ್ರಿ? ನಮ್ಮದೂ ಆ ಕಡೇನ ರೀ. ಟೆನ್ಶನ್ ತಗೋಬ್ಯಾಡ್ರಿ, ನಮ್ಮ ಮನಿ ಗಾಡಿ ಅಂತ ತಿಳಕೊಂಡು ಮಾಡತೀನಿ" ಅಂದ. ಇಷ್ಟಕ್ಕೇ ನಾನು ಕರಗಿಬಿಟ್ಟೆ. 9,000 ಅಂದಿದ್ದು 14,500 ಆಯಿತು. ಬಿಲ್ ಕೇಳಿದರೆ "ನಮ್ಮ ನಮ್ಮಾಗ ಬಿಲ್ ಯಾಕ್ರಿ?" ಅಂದ. ನಾನೂ ಸುಮ್ಮನಾದೆ.

ಹನ್ನೊಂದನೇ ದಿನ ಊರಿಗೆ ಹೊರಟಿದ್ದೆವು. ಸೋಲಾಪುರ ರಸ್ತೆಯಲ್ಲಿ ಯವತ್ ದಾಟಿದ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮೆಟ್ಟಿಲ ಹತ್ತಿರ ಹೊಗೆ. ಗಾಡಿ ಸೈಡಿಗೆ ಹಾಕಿ ಸ್ವಿಚ್ ಒತ್ತಿದೆ. ಬಾಗಿಲು ಅಲುಗಲಿಲ್ಲ. ಮೇಲಿದ್ದ ಕೆಂಪು ಎಮರ್ಜೆನ್ಸಿ ಕಾಕ್, ಅಂದರೆ ಗಾಳಿ ಬಿಡುವ ನಲ್ಲಿ, ತಿರುಗಿಸಿದೆ. ಅದನ್ನು ತಿರುಗಿಸಿದರೆ ಗಾಳಿ ಹೊರಗೆ ಹೋಗಿ ಬಾಗಿಲನ್ನು ಕೈಯಿಂದಲೇ ದೂಡಬಹುದು, ಅಲ್ವಾ? ಬುಸ್ ಅನ್ನುವ ಸದ್ದೇ ಇಲ್ಲ. ಮತ್ತೆ ತಿರುಗಿಸಿದೆ. ಸದ್ದಿಲ್ಲ. ಮಗ ಕೆಮ್ಮುತ್ತಿದ್ದ, ಹೆಂಡತಿ ಬಾಗಿಲು ಗುದ್ದುತ್ತಿದ್ದಳು. ಕೊನೆಗೆ ಡ್ರೈವರ್ ಬದಿಯ ಬಾಗಿಲಿಂದ ಎಲ್ಲರೂ ಇಳಿದು, ನಾನು ಬ್ಯಾಟರಿ ಕೇಬಲ್ ಕಿತ್ತೆ.

ಹತ್ತಿರದ ಎಲೆಕ್ಟ್ರಿಷಿಯನ್ ಬಂದು ಬಾಗಿಲ ಮೇಲಿನ ತಗಡು ಬಿಚ್ಚಿದ. ಕಾಕ್ ಇದೆ. ಹಿಂದೆ ಪೈಪ್ ಇಲ್ಲ! ಗ್ಯಾರೇಜಿನವನು ಎರಡು ಸ್ಕ್ರೂ ಹಾಕಿ ಸುಮ್ನೆ ನಿಲ್ಲಿಸಿದ್ದಾನೆ. ಕಾಕ್ ತಪ್ಪಿಸಿ, ಟ್ಯಾಂಕಿನ ಗಾಳಿಯನ್ನು ನೇರವಾಗಿ ವಾಲ್ವಿಗೆ (ಸ್ವಿಚ್ ಒತ್ತಿದಾಗ ಸಿಲಿಂಡರಿಗೆ ಗಾಳಿ ಬಿಡುವ, ಕರೆಂಟಿನಿಂದ ನಡೆಯುವ ಭಾಗ) ಕೊಟ್ಟಿದ್ದಾನೆ. ಆ ಖಾಲಿ ಕಾಕ್ ನೋಡಿ ನನ್ನ ಕೈ ನಡುಗಿತು. ಹನ್ನೊಂದು ದಿನ ಅದನ್ನು ನಂಬಿ ಮಗನನ್ನು ಕೂರಿಸಿಕೊಂಡು ಓಡಾಡಿದ್ದೆ.

ಇನ್ನೂ ಇದೆ. ನನ್ನದು 24 ವೋಲ್ಟ್ ಗಾಡಿ, 12ರ ಎರಡು ಬ್ಯಾಟರಿ ಸೇರಿ. ಅವನು 12 ವೋಲ್ಟಿನ ವಾಲ್ವ್ ಹಾಕಿ, ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವೈರ್ ಎಳೆದಿದ್ದ. ಹೀಗೆ ಮಾಡಿದರೆ ಒಂದು ಬ್ಯಾಟರಿ ಇಳಿಯುತ್ತಾ ಹೋಗುತ್ತದೆ, ಇನ್ನೊಂದಕ್ಕೆ ಚಾರ್ಜ್ ಜಾಸ್ತಿಯಾಗಿ ಹಾಳಾಗುತ್ತದೆ. ಫ್ಯೂಸ್ ಇಲ್ಲವೇ ಇಲ್ಲ. ಮೆಟ್ಟಿಲ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಕೂಡ ಹಾಕದೆ ವೈರ್ ತೂರಿಸಿದ್ದ. ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ತಾಮ್ರ ಬಸ್ಸಿನ ತಗಡಿಗೆ ತಾಗಿದೆ. ಶಾರ್ಟ್ ಆಗಿ ಹೊಗೆ ಬಂದಿದ್ದು ಅಲ್ಲಿಂದಲೇ.

ಫೋನ್ ಮಾಡಿದೆ. "ಗಾಡಿ ಹಳೇದೈತಲ್ರಿ ಸರ" ಅಂದ. ಕಾಕ್ ಯಾಕೆ ತಪ್ಪಿಸಿದೆ ಅಂತ ಕೇಳಿದೆ. "ಲೀಕ್ ಇತ್ರಿ. ಅದನ್ನ ಯಾರು ಮುಟ್ಟತಾರ್ರಿ?" ಮಗ ಒಳಗಿದ್ದ ಕಣಪ್ಪಾ ಅಂದೆ. "ಯಾರಿಗೇನೂ ಆಗಿಲ್ಲ, ಹೌದಿಲ್ರಿ?" ಇದೇ ಅವನ ಉತ್ತರ. ಆಮೇಲೆ ಫೋಟೊ ಕಳಿಸಿದೆ. ನೋಡಿದ್ದಾನೆ, ಉತ್ತರವಿಲ್ಲ.

ದುಡ್ಡು ಕೊಡುವ ಮುಂಚೆ, ಟ್ಯಾಂಕಿನಲ್ಲಿ ಗಾಳಿ ಪೂರ್ತಿ ಇರುವಾಗ, ಬಾಗಿಲು ಮುಚ್ಚಿಸಿ ಕಾಕನ್ನು ನೀವೇ ತಿರುಗಿಸಿ. ಫ್ಯೂಸ್ ಎಲ್ಲಿದೆ ಅಂತ ಕೈಯಿಟ್ಟು ತೋರಿಸಲಿ. ಬಿಲ್ ಬಿಡಬೇಡಿ, ಅವನು ನಿಮ್ಮ ಊರಿನವನೇ ಆಗಿರಲಿ.

ಬಸ್ ಈಗ ಬೇರೆಯವರ ಹತ್ತಿರ ಇದೆ. 24ರ ವಾಲ್ವ್, ಹೊಸ ಕಾಕ್, ಹೊಸ ವೈರ್. ರಜೆ ಹಾಕಿ ಪಕ್ಕದಲ್ಲೇ ನಿಂತು ಮಾಡಿಸುತ್ತಿದ್ದೇನೆ.