ಅರ್ಧ ಗಂಟೆಯ ತಕರಾರು: ಮೂರು ಜಿಎಂಟಿ ವಾಚು, ಒಂದು ಮುಂಗೈ

ಅಪ್ಪನ ಹತ್ತಿರ ಎಚ್‌ಎಂಟಿ ಜನತಾ ಇತ್ತು. ಇಂಗ್ಲೆಂಡಿನಲ್ಲಿ ಟೆಸ್ಟ್ ಪಂದ್ಯವಿದ್ದಾಗ ಮಧ್ಯಾಹ್ನ ಮೂರೂವರೆಗೆ ಅದನ್ನು ಬಿಚ್ಚಿ, ತಲೆಕೆಳಗು ಹಿಡಿದು, "ಹತ್ತು ತೋರಿಸ್ತಿದೆ, ಅಲ್ಲಿ ಬೇಸಿಗೆ, ಒಂದು ಸೇರಿಸು, ಹನ್ನೊಂದು. ರೇಡಿಯೋ ಹಾಕು" ಅನ್ನುತ್ತಿದ್ದರು. ಗ್ರೀನಿಚ್‌ಗಿಂತ ನಾವು ಐದೂವರೆ ಗಂಟೆ ಮುಂದಿರುವುದರಿಂದ, ಮುಳ್ಳಿನ ವಾಚನ್ನು ತಿರುವಿ ಹಿಡಿದರೆ ಹೆಚ್ಚುಕಮ್ಮಿ ಅಲ್ಲಿಯ ಸಮಯವೇ ಕಾಣುತ್ತದೆ. ಗಂಟೆ ಮುಳ್ಳು ಅರ್ಧ ಮನೆ ಹಿಂದೆ ಬೀಳುತ್ತದೆ, ಅಷ್ಟೇ. ಖರ್ಚಿಲ್ಲದ ಜಿಎಂಟಿ ವಾಚು, ಅಂದರೆ ಎರಡು ಊರಿನ ಸಮಯ ಒಟ್ಟಿಗೆ ತೋರಿಸುವ ವಾಚು.

ನನಗೆ ಅಷ್ಟು ಸಾಲಲಿಲ್ಲ. ಕೆಲಸ ಬೆಂಗಳೂರಿನಲ್ಲಿ, ಗಿರಾಕಿಗಳು ಜರ್ಮನಿಯಲ್ಲಿ, ಅಕ್ಕ ನ್ಯೂಜೆರ್ಸಿಯಲ್ಲಿ. ವರ್ಷಕ್ಕೊಮ್ಮೆ ಸ್ಟುಟ್‌ಗಾರ್ಟ್‌ಗೆ ಹೋಗಿಬರಬೇಕು. ಬ್ಯಾಟರಿ ಇಲ್ಲದ, ಕೈ ಅಲ್ಲಾಡಿದರೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ವಾಚೇ ಬೇಕು ಅನ್ನುವುದು ನನ್ನ ಹಟ. ಕೆಲವು ವರ್ಷಗಳ ಹಿಂದೆ ಈ ಹಟಕ್ಕೆ ಲಕ್ಷದ ಮೇಲೆ ಕೊಡಬೇಕಾಗಿತ್ತು. 2022ರಲ್ಲಿ ಸೀಕೋ ತನ್ನ 5 ಸ್ಪೋರ್ಟ್ಸ್ ಸಾಲಿಗೆ ಜಿಎಂಟಿ ಸೇರಿಸಿ, ಅಮೆರಿಕದಲ್ಲಿ 475 ಡಾಲರಿಗೆ ಇಟ್ಟಿತು. ಆಮೇಲೆ ನಮ್ಮಂಥವರೂ ಅಂಗಡಿಯ ಗಾಜಿಗೆ ಮೂಗು ತಾಗಿಸುವಂತಾಯಿತು.

ಮೊದಲು ಕೊಂಡದ್ದು ಅದನ್ನೇ, ನೀಲಿ ಡಯಲ್‌ನ ಎಸ್‌ಎಸ್‌ಕೆ003. ನನಗೆ 36 ಸಾವಿರ ಚಿಲ್ಲರೆ ಬಿತ್ತು. ಅಗಲ 42.5 ಮಿ.ಮೀ. ಅಂತ ಓದಿ ಹೆದರಿದ್ದೆ, ನನ್ನದು ಕಡ್ಡಿಯಂಥ ಕೈ. ಆದರೆ ಪಟ್ಟಿ ಸಿಕ್ಕಿಸುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿಗೆ 46 ಮಿ.ಮೀ. ಮಾತ್ರ ಇರುವುದರಿಂದ ಮುಂಗೈ ಮೇಲೆ ಸರಿಯಾಗಿ ಕೂರುತ್ತದೆ. ಒಳಗಿನ ಮಶೀನು 4ಆರ್34. ಗಂಟೆ, ನಿಮಿಷ, ಸೆಕೆಂಡಿನ ಮುಳ್ಳುಗಳ ಜೊತೆ ದಿನಕ್ಕೆ ಒಂದೇ ಸುತ್ತು ಬರುವ ಕೆಂಪು ಮುಳ್ಳು ಇನ್ನೊಂದು. ಗಾಜಿನ ಸುತ್ತ ತಿರುಗುವ ಬಳೆಯ ಮೇಲೆ, ಅಂದರೆ ಬೆಜೆಲ್ ಮೇಲೆ, 24 ಗಂಟೆಯ ಅಂಕಿಗಳು. ಕೀಯನ್ನು ಒಂದು ಹಂತ ಎಳೆದು ಒಂದು ಕಡೆ ತಿರುವಿದರೆ ತಾರೀಖು, ಇನ್ನೊಂದು ಕಡೆ ತಿರುವಿದರೆ ಕೆಂಪು ಮುಳ್ಳು ಗಂಟೆಗೊಂದು ಹೆಜ್ಜೆಯಂತೆ ಹಾರುತ್ತದೆ. ಹಾರುವುದು ಒಂದೇ ದಿಕ್ಕಿಗೆ. ಒಂದು ಹೆಜ್ಜೆ ತಪ್ಪಿದರೆ ಇನ್ನೊಂದು ಸುತ್ತು ಪೂರ್ತಿ ಹಾಕಬೇಕು.

ಈ "ಗಂಟೆಗೊಂದು ಹೆಜ್ಜೆ" ಅನ್ನುವಲ್ಲೇ ಭಾರತದವರಿಗೆ ಎಡವಟ್ಟು. ವಾಚಿನಲ್ಲಿ ನಿಮಿಷದ ಮುಳ್ಳು ಒಂದೇ. ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಕೆಂಪು ಮುಳ್ಳು ಮೂರಕ್ಕೆ ನಿಲ್ಲುತ್ತದೆ, ನಾಲ್ಕಕ್ಕೆ ನಿಲ್ಲುತ್ತದೆ, ಮೂರೂವರೆಗೆ ನಿಲ್ಲುವುದಿಲ್ಲ. ಇಂಟರ್‌ನೆಟ್ಟಿನ ವಿಮರ್ಶೆಗಳಲ್ಲಿ ಇದರ ಸುದ್ದಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬರೆಯುವವರ ಊರಿಗೆ ಅರ್ಧ ಗಂಟೆಯ ಕಾಟವಿಲ್ಲವಲ್ಲ.

ವಾಚು ಬಂದ ಮೂರನೇ ದಿನ ದಾರಿ ಸಿಕ್ಕಿತು. ಇದರ ಬೆಜೆಲ್‌ಗೆ ಹಲ್ಲುಗಳಿಲ್ಲ. ಟಿಕ್ ಟಿಕ್ ಅನ್ನದೆ ನುಣ್ಣಗೆ ತಿರುಗಿ, ಬಿಟ್ಟಲ್ಲಿ ನಿಲ್ಲುತ್ತದೆ. ತುಂಬ ಜನ ಇದನ್ನು ಕೊರತೆ ಅಂತಲೇ ಎಣಿಸುತ್ತಾರೆ. ನಾನು ಮಾಡಿದ್ದಿಷ್ಟು: ಕೆಂಪು ಮುಳ್ಳನ್ನೂ ನಮ್ಮ ಸಮಯಕ್ಕೇ ಇಟ್ಟೆ. ಬೆಜೆಲ್‌ನ 24ರ ಗುರುತನ್ನು ಡಯಲ್‌ನ 9ನೇ ನಿಮಿಷದ ಗೆರೆಗಿಂತ ಕೂದಲೆಳೆ ಹಿಂದಕ್ಕೆ ತಂದು ಬಿಟ್ಟೆ. ಅದು ಸರಿಯಾಗಿ ಮೂರೂವರೆ ಗಂಟೆಯ ಜಾಗ. ರಾತ್ರಿ ಎಂಟಕ್ಕೆ ನೋಡಿದರೆ ಕೆಂಪು ಮುಳ್ಳು ಬೆಜೆಲ್‌ನ 16ಕ್ಕೂ 17ಕ್ಕೂ ನಟ್ಟನಡುವೆ. ಸ್ಟುಟ್‌ಗಾರ್ಟ್‌ನಲ್ಲಿ ಸಂಜೆ ನಾಲ್ಕೂವರೆ. ಚಳಿಗಾಲಕ್ಕೆ ಆ ಗುರುತು 11ನೇ ಗೆರೆಗಿಂತ ತುಸು ಮುಂದೆ ಹೋದರಾಯಿತು. ಅಕ್ಕನ ಊರಿಗೆ ಜರ್ಮನಿಯ ಸಮಯದಲ್ಲಿ ಆರು ಕಳೆದರೆ ಮುಗಿಯಿತು.

ಮುಗಿಯಿತು ಅಂದುಕೊಂಡಿದ್ದೆ. ಅಮೆರಿಕದವರು ಗಡಿಯಾರ ಮುಂದಿಡುವುದು ಮಾರ್ಚ್ ಎರಡನೇ ಭಾನುವಾರ, ಯುರೋಪಿನವರು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಆರಲ್ಲ, ಐದೇ ಕಳೆಯಬೇಕು. ಆ ವಾರದಲ್ಲೊಂದು ದಿನ ಸಂಜೆ ಐದಕ್ಕೆ, ಅಕ್ಕ ಬೆಳಗಿನ ಆರೂವರೆಯ ಕಾಫಿ ಕುಡೀತಿರ್ತಾಳೆ ಅಂತ ಫೋನ್ ಮಾಡಿದೆ. "ಏಳೂವರೆ ಕಣೋ, ಕಾರ್ ಓಡಿಸ್ತಿದೀನಿ, ಇಡು" ಅಂದಳು. ವಾಚಿನ ತಪ್ಪಲ್ಲ, ನನ್ನದೇ.

ಎರಡನೆಯದು ಚೀನಾದಿಂದ ತರಿಸಿದ್ದು. ಸುಂಕವೆಲ್ಲ ಸೇರಿ 18 ಸಾವಿರ. ಕಂಪನಿಯ ಹೆಸರು ಬೇಡ. ಒಳಗಿರುವುದು ಎನ್‌ಎಚ್34. ಅದು ಸೀಕೋದವರೇ ಹೊರಗಿನ ವಾಚು ತಯಾರಕರಿಗೆ ಮಾರುವ ಮಶೀನು, 4ಆರ್34ರ ಒಡಹುಟ್ಟು. ಕಾಗದದ ಮೇಲೆ ನೋಡಿದರೆ ಇದೇ ಗೆಲ್ಲಬೇಕು. ಗಾಜು ಸಫೈರ್, ಕೀಲಿಕೈ ಜೊತೆ ಜೇಬಿಗೆ ಹಾಕಿದರೂ ಗೀರು ಬೀಳಲಿಲ್ಲ. ಸೀಕೋದ ಹಾರ್ಡ್‌ಲೆಕ್ಸ್ ಗಾಜಿಗೆ ಆ ತಾಕತ್ತಿಲ್ಲ. ಚೈನೂ ಭಾರವಾಗಿ, ಗಟ್ಟಿಯಾಗಿ ಕೈಗೆ ಹಿತವಾಗಿತ್ತು. ಆದರೆ ಬೆಜೆಲ್‌ಗೆ ಸುತ್ತಿಗೆ 120 ಟಿಕ್. 24 ಗಂಟೆಯನ್ನು 120ರಿಂದ ಭಾಗಿಸಿ ನೋಡಿ, ಟಿಕ್ಕಿಗೆ 12 ನಿಮಿಷ. ಎರಡು ಟಿಕ್ಕಿಗೆ 24 ನಿಮಿಷ, ಮೂರಕ್ಕೆ 36. ಅರ್ಧ ಗಂಟೆ ಎರಡರ ಮಧ್ಯೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಎಷ್ಟು ಸಲ ತಿರುವಿದರೂ ಮುಳ್ಳು ನಡುಗೆರೆಯಿಂದ ಒಂಚೂರು ಅತ್ತ, ಇಲ್ಲವೇ ಒಂಚೂರು ಇತ್ತ. ಓದಲು ಅಡ್ಡಿಯಿಲ್ಲ, ನೋಡಿದಾಗೆಲ್ಲ ಮನಸ್ಸು ಕೆರೆಯುತ್ತದೆ. 24 ಟಿಕ್ಕಿನ ಬೆಜೆಲ್ ಆಗಿದ್ದರೆ ಇನ್ನೂ ಕಷ್ಟವಿತ್ತು. ಟಿಕ್ ಬೇಕೇಬೇಕು ಅನ್ನುವವರು 48 ಇರುವುದನ್ನು ಹುಡುಕಿ, ಅದರಲ್ಲಿ ಟಿಕ್ಕಿಗೆ ಸರಿಯಾಗಿ ಅರ್ಧ ಗಂಟೆ.

ಮೂರನೆಯದು ನನ್ನದಲ್ಲ, ಗೆಳೆಯನದು. ಫೆಬ್ರವರಿಯ ಸ್ಟುಟ್‌ಗಾರ್ಟ್ ಪ್ರವಾಸಕ್ಕೆ ಕಡ ತಂದೆ. ಒಳಗೆ ಮಿಯೋಟಾ 9075. ಮಿಯೋಟಾ ಅಂದರೆ ಸಿಟಿಜನ್ ಬಳಗದ್ದೇ ಮಶೀನು. ಅಪ್ಪನ ಜನತಾ ತಯಾರಿಸಿದ ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆ 1961ರಲ್ಲಿ ಶುರುವಾದದ್ದೂ ಸಿಟಿಜನ್‌ನವರ ಸಹಯೋಗದಲ್ಲಿ. ಹಾಗಾಗಿ ಕಟ್ಟಿಕೊಳ್ಳುವಾಗ ಸ್ವಲ್ಪ ನಂಟಸ್ತಿಕೆಯ ಭಾವನೆ ಬಂದದ್ದು ನಿಜ. ಇದರಲ್ಲಿ ಹಾರುವುದು ಕೆಂಪು ಮುಳ್ಳಲ್ಲ, ಗಂಟೆ ಮುಳ್ಳು. ನಿಮಿಷ, ಸೆಕೆಂಡು ನಿಲ್ಲುವುದಿಲ್ಲ, ಮನೆಯ ಸಮಯ ಕದಲುವುದಿಲ್ಲ. ವಿಮಾನ ಇಳಿದು ಗಂಟೆ ಮುಳ್ಳನ್ನು ಹಿಂದಕ್ಕೋ ಮುಂದಕ್ಕೋ ಹಾರಿಸಿದರೆ ತಾರೀಖು ಕೂಡ ತಾನೇ ಹೊಂದಿಕೊಳ್ಳುತ್ತದೆ. ವಾಚಿನ ಹುಚ್ಚರು ಇದನ್ನೇ "ನಿಜವಾದ ಜಿಎಂಟಿ" ಅನ್ನುತ್ತಾರೆ. ಸೆಕೆಂಡಿಗೆ 6ರ ಬದಲು 8 ಬಡಿತವಾದ್ದರಿಂದ ಸೆಕೆಂಡಿನ ಮುಳ್ಳೂ ಹೆಚ್ಚು ನಯವಾಗಿ ಜಾರುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆ. ಕೀ ಒಂದು ಹಂತ ಎಳೆದು ಐದು ಗಂಟೆ ಹಿಂದಕ್ಕೆ ಹಾರಿಸಿದೆ. ಸೊಗಸಾಗಿ ಹಾರಿತು. ಇನ್ನು ಅರ್ಧ ಗಂಟೆ? ಅದಕ್ಕೆ ಕೀ ಪೂರ್ತಿ ಎಳೆಯಬೇಕು, ಸೆಕೆಂಡು ನಿಲ್ಲಬೇಕು, ನಿಮಿಷದ ಮುಳ್ಳನ್ನು ಅರ್ಧ ಸುತ್ತು ಮುಂದಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸಿದರೆ ಬೆಂಗಳೂರು ತೋರಿಸುತ್ತಿದ್ದ 24 ಗಂಟೆಯ ಮುಳ್ಳೂ ಅರ್ಧ ಗಂಟೆ ಮುಂದಕ್ಕೆ ಹೋಗುತ್ತದೆ. ಯಾವುದಕ್ಕಾಗಿ ಹೆಚ್ಚು ದುಡ್ಡು ಕೊಟ್ಟೆವೋ ಅದೇ ನಮ್ಮೂರಿನಿಂದ ಹೊರಟವರಿಗೆ ದಕ್ಕುವುದಿಲ್ಲ. ಬೆಂಗಳೂರಿನಿಂದ ಹೋಗಿ ನಿಮಿಷ ಮುಟ್ಟದೆ ಗಂಟೆ ಮಾತ್ರ ಹಾರಿಸಬೇಕಾದರೆ ಯಾಂಗೂನ್, ಕಾಬೂಲ್, ಟೆಹರಾನ್, ಅಡಿಲೇಡ್ ಇಂಥ ಅರ್ಧ ಗಂಟೆಯ ಊರುಗಳಿಗೇ ಹೋಗಬೇಕು. ಅಲ್ಲೆಲ್ಲ ನಮಗೊಬ್ಬ ಗಿರಾಕಿಯೂ ಇಲ್ಲ. ಆದರೆ ಅದೇ ಪ್ರವಾಸದಲ್ಲಿ ಎರಡು ದಿನ ಲಂಡನ್‌ಗೆ ಹೋಗಬೇಕಾಯಿತು. ಅಲ್ಲಿ ಒಂದು ಹೆಜ್ಜೆ ಹಿಂದೆ, ವಾಪಸ್ ಬಂದಾಗ ಒಂದು ಹೆಜ್ಜೆ ಮುಂದೆ. ಆಗ ಗೊತ್ತಾಯಿತು, ಗೆಳೆಯ ಯಾಕೆ ಹತ್ತಿರ ಹತ್ತಿರ 60 ಸಾವಿರ ಸುರಿದ ಅಂತ. ಅವನು ತಿಂಗಳಲ್ಲಿ ಹದಿನೈದು ದಿನ ಯುರೋಪಿನಲ್ಲೇ ಇರುವವನು.

ಒಂದು ಸಂಕಟ ಮೂರಕ್ಕೂ ಸಮಾನ. ತುಂಬಿದ ಕೀ ಬಾಳುವುದು 41, 42 ಗಂಟೆ. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಭಾನುವಾರ ಮಧ್ಯಾಹ್ನಕ್ಕೆ ನಿಂತಿರುತ್ತದೆ. ಸೋಮವಾರ ಬೆಳಗ್ಗೆ ತಾರೀಖು, ಸಮಯ, 24 ಗಂಟೆಯ ಮುಳ್ಳು ಎಲ್ಲ ಮೊದಲಿನಿಂದ. ಕೆಲವೇ ಸಾವಿರಕ್ಕೆ ಸಿಗುವ ಕ್ಯಾಸಿಯೋ ಎಇ1200 ಡಿಜಿಟಲ್‌ನಲ್ಲಿ 48 ಊರುಗಳಿವೆ, ಐದೂವರೆಯ ಲೆಕ್ಕ ಅದಕ್ಕೆ ಹುಟ್ಟಿನಿಂದ ಗೊತ್ತು, ಬ್ಯಾಟರಿಗೆ 10 ವರ್ಷ ಆಯಸ್ಸು. ಸಮಯ ತಿಳಿದರೆ ಸಾಕು ಅನ್ನುವವರು ಅದನ್ನು ಕೊಂಡು ಉಳಿದ ದುಡ್ಡಲ್ಲಿ ಊರು ಸುತ್ತಲಿ, ನನ್ನದು ಬೇರೆ ರೋಗ.

ಗೆಳೆಯನ ವಾಚು ವಾಪಸ್ ಹೋಯಿತು. ಚೀನಾದ್ದನ್ನು ಭಾವನಿಗೆ ಕೊಟ್ಟೆ, ಅವರಿಗೆ ಅರ್ಧ ಟಿಕ್ಕಿನ ತಕರಾರಿಲ್ಲ, ಮದುವೆ ಮುಂಜಿಗೆ ಮಾತ್ರ ಕಟ್ಟುತ್ತಾರೆ. ಸೀಕೋ ನನ್ನ ಕೈಯಲ್ಲೇ ಉಳಿಯಿತು. ದಿನಕ್ಕೆ ಏಳೆಂಟು ಸೆಕೆಂಡು ಮುಂದೆ ಓಡುತ್ತದೆ, ಗಾಜಿನ ಮೇಲೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಒಂದು ಗೀರಿದೆ. 24ರ ಗುರುತು ಈಗ 9ನೇ ಗೆರೆಯ ಪಕ್ಕದಲ್ಲಿ ನಿಂತಿದೆ, ಅಕ್ಟೋಬರ್ ಕೊನೆಯ ಭಾನುವಾರ ಅದನ್ನು 11ರಾಚೆಗೆ ಸರಿಸಬೇಕು. ಅಮೆರಿಕದ ಗಡಿಯಾರ ಹಿಂದೆ ಹೋಗುವುದು ನವೆಂಬರ್ ಮೊದಲ ಭಾನುವಾರ, ಆ ಒಂದು ವಾರ ಅಕ್ಕನಿಗೆ ನಾನು ಫೋನ್ ಮಾಡುವುದಿಲ್ಲ, ಅವಳೇ ಮಾಡುತ್ತಾಳೆ.