ಕೆಚ್ಚಲೊಳಗೆ ಎಣ್ಣೆ ಬಿಡುವ ಮುಂಚೆ ಇದನ್ನೊಂದು ಓದಿ

ಕೊಡಗಿನ ಸೋಮವಾರಪೇಟೆ, ಶನಿವಾರಸಂತೆ ಕಡೆ ಹಸು ಕಟ್ಟಿರುವವರಿಗೆ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೆಚ್ಚಲು ಬಾವು ರೋಗಕ್ಕೆ ಅಂತ ಸಂತೆಯಲ್ಲಿ ಮಾರುವ ಗಿಡಮೂಲಿಕೆ ಎಣ್ಣೆಯನ್ನು ಸಿರಿಂಜಿನಲ್ಲಿ ತೊಟ್ಟಿನೊಳಗೆ ಬಿಡಬೇಡಿ. ನಾನು ಬಿಟ್ಟೆ. ನಮ್ಮ ಗೌರಿಯ ಒಂದು ತೊಟ್ಟು ಹೋಯಿತು.

ಕಕ್ಕಡದ ಮಳೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು. ಅವಳು ಕರು ಹಾಕಿ ಮೂರು ವಾರ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಎರಡು ಹೊತ್ತು ಸೇರಿ ಹದಿನಾಲ್ಕು ಲೀಟರ್. ಕೊಟ್ಟಿಗೆಯ ನೆಲ ಆ ತಿಂಗಳು ಒಣಗಿದ್ದೇ ಇಲ್ಲ, ಬೆಳಗ್ಗೆ ಹಾಸಿದ ಸೊಪ್ಪು ಸಂಜೆಗೆ ಕೆಸರು. ಒಂದು ದಿನ ಹಿಂದಿನ ಬಲತೊಟ್ಟು ಮುಟ್ಟಿದ ಕೂಡಲೇ ಒದ್ದಳು. ಕಪ್ಪು ಟಾರ್ಪಾಲಿನ ಚೂರಿನ ಮೇಲೆ ಎರಡು ಸಲ ಹಿಂಡಿ ನೋಡಿದೆ. ಹಾಲಿನಲ್ಲಿ ಚಿಕ್ಕ ಚಿಕ್ಕ ಗರಣೆ.

ಆಗಲೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಆಂಟಿಬಯೋಟಿಕ್ ಕೊಟ್ಟರೆ ಅವರು ಹೇಳಿದಷ್ಟು ದಿನ ಡೈರಿಗೆ ಹಾಲು ಹಾಕುವಂತಿಲ್ಲ, ಹಿಂಡಿ ಅಂಗಡಿಯ ಸಾಲ ಬೇರೆ. ಜೊತೆಗೆ ನಮಗೆ ಸೊಪ್ಪಿನ ಮೇಲೆ ನಂಬಿಕೆ ಜಾಸ್ತಿ. ಕಕ್ಕಡ ಹದಿನೆಂಟು, ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದು, ಮೂತ್ರಕ್ಕೆ ಬಣ್ಣ ಬಂದಿತೋ ಇಲ್ಲವೋ ಅಂತ ನೋಡಿಕೊಳ್ಳುವ ಜನ ನಾವು!

ಸಂತೆಯಲ್ಲಿ ಒಬ್ಬ ಆರುನೂರು ರೂಪಾಯಿಗೆ ಬಾಟಲಿ ಕೊಟ್ಟ. ಮೇಲೆ ತುಳಸಿ ಚಿತ್ರ, ಒಳಗೆ ಲವಂಗದ ಎಣ್ಣೆ, ಓಮದ ಎಣ್ಣೆ. "ಹತ್ತು ಎಂಎಲ್ ಒಳಗೆ ಬಿಡಿ ಅಣ್ಣ, ಗಿಡದ್ದು, ಏನೂ ಆಗಲ್ಲ" ಅಂದ. ಬ್ಯಾಚ್ ನಂಬರಾಗಲಿ ಲೈಸೆನ್ಸ್ ನಂಬರಾಗಲಿ ಇರಲಿಲ್ಲ ಅನ್ನುವುದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ಬಿಟ್ಟ ಐದು ನಿಮಿಷಕ್ಕೆ ಗೌರಿ ಬೆನ್ನು ಬಾಗಿಸಿ ನಿಂತಳು, ಬಾಯಿಗಿಟ್ಟ ಹುಲ್ಲು ಉದುರಿಸಿದಳು. ಮದ್ದು ಹಿಡೀತಿದೆ ಅಂದುಕೊಂಡೆ. ಮರುದಿನವೂ ಬಿಟ್ಟೆ. ಮೂರನೇ ದಿನ ಆ ಭಾಗ ಕಲ್ಲಿನಷ್ಟು ಗಟ್ಟಿ, ಹಿಂಡಿದರೆ ಹಳದಿ ನೀರು, ಅದರಲ್ಲಿ ರಕ್ತದ ಎಳೆ. ಕಿವಿ ತಣ್ಣಗೆ, ಮೆಲುಕು ನಿಂತಿದೆ. ಆಗ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆ.

ಡಾಕ್ಟರು ಬಾಟಲಿ ಮೂಸಿ ನೋಡಿ, ಬೈಯಲಿಲ್ಲ. ಓಮದಲ್ಲಿರುವ ಥೈಮಾಲ್, ಲವಂಗದ ಯುಜೆನಾಲ್ ಕ್ರಿಮಿ ಕೊಲ್ಲುವುದು ನಿಜವಂತೆ, ಆದರೆ ಅದು ಲ್ಯಾಬಿನ ಗಾಜಿನ ತಟ್ಟೆಯ ಮಾತು. ಕೆಚ್ಚಲಿನಲ್ಲಿ ಹಾಲಿನ ಕೊಬ್ಬು, ಪ್ರೋಟೀನ್ ಅದನ್ನು ಹಿಡಿದಿಟ್ಟು ಶಕ್ತಿ ಕುಂದಿಸುತ್ತವೆ. ತೆಳು ಮಾಡದ ಎಣ್ಣೆ ಒಳಗಿನ ಎಳೆ ಪೊರೆಯನ್ನು ಸುಡುತ್ತದೆ. ಮೇಲಿಂದ, ಕುದಿಸದ ಸಿರಿಂಜಿನ ಜೊತೆ ಹೊರಗಿನ ಬೂಷ್ಟೂ ಒಳಕ್ಕೆ ಹೋಗಬಹುದು, ಬೂಷ್ಟಿಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಹಾಲಿನ ಸ್ಯಾಂಪಲ್ ತೆಗೆದುಕೊಂಡು ಇಂಜೆಕ್ಷನ್, ಡ್ರಿಪ್ ಶುರು ಮಾಡಿದರು. ಹಸು ಉಳಿಯಿತು.

"ಹಾಗಾದರೆ ಕೆಚ್ಚಲಿಗೆ ಹಚ್ಚುವ ಲೋಳೆಸರದ ಮದ್ದು ಸುಳ್ಳಾ ಸಾರ್?" ಅಂತ ಕೇಳಿದೆ. ಸುಳ್ಳಲ್ಲವಂತೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ)ಯವರೇ ಹೇಳಿಕೊಡುವ ಕ್ರಮ ಅದು: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ಅರೆದರೆ ಕೆಂಪಗಾಗುತ್ತದೆ. ಹಾಲು ಪೂರ್ತಿ ಹಿಂಡಿ ತೆಗೆದು, ಕೆಚ್ಚಲು ತೊಳೆದು, ಸ್ವಲ್ಪ ಸ್ವಲ್ಪ ನೀರಿನಲ್ಲಿ ಕದಡಿ ದಿನಕ್ಕೆ ಹತ್ತು ಸಲ, ಐದು ದಿನ ಹಚ್ಚಬೇಕು. ಹಚ್ಚುವುದು ಚರ್ಮದ ಮೇಲೆ ಮಾತ್ರ. ಅದೂ ಬಾವು ಶುರುವಾದಾಗ, ಹಸು ಮೇವು ತಿನ್ನುತ್ತಿರುವಾಗ. ಸುಣ್ಣ ಅಂದಾಜಿಗೆ ಸುರಿದರೆ ಚರ್ಮವೇ ಸುಲಿಯುತ್ತದೆ. ಜ್ವರ ಬಂದರೆ, ಹಾಲು ನೀರಾದರೆ, ತೊಟ್ಟು ನೀಲಿಗಟ್ಟಿ ತಣ್ಣಗಾದರೆ ಅರೆಯುತ್ತಾ ಕೂರಬೇಡಿ, ಅಂಥ ಬಾವು ಒಂದೇ ದಿನದಲ್ಲಿ ಹಸುವನ್ನು ಕೊಲ್ಲಬಹುದು.

ಇನ್ನೊಂದು ಮಾತು ಹೇಳಿದರು, ಇಷ್ಟು ವರ್ಷ ಹಸು ಸಾಕಿಯೂ ನನಗೆ ಗೊತ್ತಿರಲಿಲ್ಲ. ಹಾಲು ಕರೆದ ಮೇಲೆ ಅರ್ಧ ಗಂಟೆಯಾದರೂ ತೊಟ್ಟಿನ ತುದಿಯ ತೂತು ತೆರೆದೇ ಇರುತ್ತದೆ. ಆಗ ಹಸು ಕೆಸರಲ್ಲಿ ಮಲಗಿದರೆ ರೋಗ ನೇರ ಒಳಗೆ. ಈಗ ಕರೆದ ಮೇಲೆಯೇ ಹುಲ್ಲು ಹಾಕುತ್ತೇನೆ, ನಿಂತು ತಿನ್ನಲಿ ಅಂತ. ಖರ್ಚಿಲ್ಲದ ಮದ್ದು.

ಗೌರಿ ಈಗ ಮೂರು ತೊಟ್ಟಿನಲ್ಲಿ ಒಂಬತ್ತು ಲೀಟರ್ ಕೊಡುತ್ತಾಳೆ. ಬಾಟಲಿಯನ್ನು ಎಸೆದಿಲ್ಲ, ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿದ್ದೇನೆ. ಮೊನ್ನೆ ಪಕ್ಕದ ಮನೆ ಮಾವ ಅಂಥದ್ದೇ ಒಂದು ಹಿಡಿದುಕೊಂಡು ಬಂದರು, ಅದೇ ತುಳಸಿ ಚಿತ್ರ. ಈ ಸಲ ಬೆಲೆ ಎಂಟುನೂರು.